ಮೂವತ್ತೈದರ ಮೇಲೆ ಮಗು, ಕೈಯಲ್ಲಿ ಎಪ್ಪತ್ತು ಫೈಲು: ಮಹಿಳಾ ವಕೀಲರಿಗೆ ಒಂದು ಮಾರ್ಗದರ್ಶಿ

ನನಗೆ ಏಳು ತಿಂಗಳು ತುಂಬಿದ ವಾರ ಒಂದು ಪಾರ್ಟಿಷನ್ ದಾವೆಯಲ್ಲಿ ಸಾಕ್ಷಿಯ ಪಾಟಿ ಸವಾಲು ಇತ್ತು. ಲಿಸ್ಟ್‌ನಲ್ಲಿ ನಮ್ಮದು 43ನೇ ಐಟಂ. ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟ್ ಹಾಲಿನ ಹೊರಗೆ ನಿಂತವಳು ಒಂದೂವರೆಯಾದರೂ ನಿಂತೇ ಇದ್ದೆ. ಒಳಗೆ ವಕೀಲರ ಕುರ್ಚಿಗಳು ಭರ್ತಿ, ಹೊರಗೆ ಇದ್ದದ್ದು ಎರಡೇ ಬೆಂಚು. ಕೊನೆಗೆ ಬೆಂಚಿನ ತುದಿಯಲ್ಲಿದ್ದ ಒಬ್ಬ ಅಜ್ಜಿ ಎದ್ದು, "ಬಾ ಕೂತ್ಕೊ ತಾಯಿ, ಹೊಟ್ಟೇಲಿ ಕೂಸಿಟ್ಕೊಂಡು ಎಷ್ಟೊತ್ತು ನಿಂತ್ಕೋತೀಯ" ಅಂದರು. ಕೂತೆ. ಮಧ್ಯಾಹ್ನ ನಮ್ಮ ಕೇಸ್ ಕೂಗಿದಾಗ ಕಟಕಟೆ ಹತ್ತಿದ್ದು ಅದೇ ಅಜ್ಜಿ. ನಾನು ಕ್ರಾಸ್ ಮಾಡಬೇಕಿದ್ದದ್ದು ಅವರನ್ನೇ.

ಆಗ ನನಗೆ 38. ಯಾಕೆ ಅಷ್ಟು ತಡ ಅಂತ ಕೇಳುವವರಿಗೆ ನಮ್ಮ ವೃತ್ತಿಯ ಲೆಕ್ಕ ಗೊತ್ತಿರುವುದಿಲ್ಲ. ವಕೀಲಿ ಮಾಡುವ ಸನ್ನದು ಸಿಗುವಾಗ 23, 24. ಮೇಲೆ ಐದಾರು ವರ್ಷ ಸೀನಿಯರ್ ಆಫೀಸಿನಲ್ಲಿ ಬಸ್ ಚಾರ್ಜಿಗೂ ಸಾಲದ ಸ್ಟೈಪೆಂಡ್. ಸ್ವಂತ ಚೇಂಬರ್ ಹಾಕುವ ಹೊತ್ತಿಗೆ 31, 32. ಕಕ್ಷಿದಾರರು ಹೆಸರು ಹಿಡಿದು ಹುಡುಕಿಕೊಂಡು ಬರಲು ಶುರುವಾಗುವುದೇ ಆಗ. ಆಗ ಹೋಗಿ ಒಂದು ವರ್ಷ ಮನೆಯಲ್ಲಿ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಅನ್ನುವಷ್ಟರಲ್ಲಿ 36.

ಸೆಟ್ಲ್ ಆದ ಮೇಲೆ ಅನ್ನುವ ದಿನ ನಮ್ಮ ಕೆಲಸದಲ್ಲಿ ಬರುವುದಿಲ್ಲ. ಫೈಲು ಖಾಲಿಯಾಗುವುದಿಲ್ಲ, ಖಾಲಿಯಾದರೆ ಅದು ಇನ್ನೂ ದೊಡ್ಡ ತಲೆನೋವು! ಹಾಗಾಗಿ ಸರಿಯಾದ ಸಮಯಕ್ಕೆ ಕಾಯುವುದು ಬಿಟ್ಟು, ಇರುವ ಸಮಯದಲ್ಲೇ ಹೇಗೆ ಏರ್ಪಾಡು ಮಾಡಿಕೊಳ್ಳಬಹುದು ಅಂತ ನೋಡಬೇಕು. ನನ್ನ ಅನುಭವದಲ್ಲಿ ಆ ಏರ್ಪಾಡಿಗೆಲ್ಲ ಬುಡ ಒಂದೇ: ಯಾವುದರಲ್ಲೂ ನಿಮ್ಮ ಹೆಸರು ಒಂಟಿಯಾಗಿ ಇರಬಾರದು. ವಕಾಲತ್ತಿನಲ್ಲಿ, ಅಂದರೆ ಕಕ್ಷಿದಾರರು ವಕೀಲರಿಗೆ ಅಧಿಕಾರ ಕೊಡುವ ಪತ್ರದಲ್ಲಿ, ಎರಡನೇ ಹೆಸರು ಬೇಕು, ಮನೆಯಲ್ಲೂ ಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಮೊದಲು ಡಾಕ್ಟರ್, ಆಮೇಲೆ ಡೈರಿ

ಮಗು ಈಗಲೇ ಬೇಕು ಅಂತಿಲ್ಲದಿದ್ದರೂ 32, 33ಕ್ಕೆ ಒಮ್ಮೆ ಸ್ತ್ರೀರೋಗ ತಜ್ಞರನ್ನು ನೋಡಿ. ಮದುವೆಯಾಗಿರಲಿ, ಆಗದಿರಲಿ. ಥೈರಾಯ್ಡ್, ಸಕ್ಕರೆ, ಬಿಪಿ, ಹಿಮೋಗ್ಲೋಬಿನ್, ರುಬೆಲ್ಲಾ ರಕ್ಷಣೆ ಇದೆಯಾ ಅನ್ನುವ ಪರೀಕ್ಷೆ, ಒಂದು ಸ್ಕ್ಯಾನ್. ಎಎಂಎಚ್ ಅನ್ನುವ ರಕ್ತ ಪರೀಕ್ಷೆಯನ್ನೂ ಹೇಳಬಹುದು. ಅದು ಅಂಡಾಶಯದಲ್ಲಿ ಅಂಡಾಣುಗಳು ಎಷ್ಟು ಉಳಿದಿವೆ ಅಂತ ಅಂದಾಜು ಕೊಡುತ್ತದೆ. ಅವುಗಳ ಗುಣಮಟ್ಟ ಹೇಗಿದೆ ಅಂತ ಹೇಳುವುದಿಲ್ಲ. ಆ ನಂಬರ್ ಕಡಿಮೆ ಬಂತು ಅಂತ ರಾತ್ರಿಯೆಲ್ಲ ಅಳುವುದೂ ಬೇಡ, ಜಾಸ್ತಿ ಬಂತು ಅಂತ ಐದು ವರ್ಷ ಮುಂದೂಡುವುದೂ ಬೇಡ.

35 ಅನ್ನುವ ಗೆರೆ ಸುಮ್ನೆ ಹೆದರಿಸಲಿಕ್ಕೆ ಹೇಳುವ ಮಾತಲ್ಲ. ನಮ್ಮ ಪಿಸಿಪಿಎನ್‌ಡಿಟಿ ಕಾಯ್ದೆ, ಅದೇ ಭ್ರೂಣಲಿಂಗ ಪತ್ತೆ ನಿಷೇಧಿಸುವ 1994ರ ಕಾಯ್ದೆ, ಅದರ 4ನೇ ಕಲಂ ತೆಗೆದು ನೋಡಿ. ಹುಟ್ಟುವ ಮುನ್ನ ಮಗುವಿನ ವಂಶವಾಹಿ ತೊಂದರೆ ಪರೀಕ್ಷಿಸಲು ಯಾವ ಕಾರಣಕ್ಕೆ ಅವಕಾಶ ಇದೆ ಅನ್ನುವ ಪಟ್ಟಿಯಲ್ಲಿ ಮೊದಲನೆಯದೇ ತಾಯಿಯ ವಯಸ್ಸು 35 ದಾಟಿರುವುದು. ಡೌನ್ ಸಿಂಡ್ರೋಮ್ ಸಾಧ್ಯತೆ 25ರ ತಾಯಿಗೆ ಸುಮಾರು 1,250ರಲ್ಲಿ ಒಂದು. 35ಕ್ಕೆ ಸುಮಾರು 350ರಲ್ಲಿ ಒಂದು, 40ಕ್ಕೆ ಸುಮಾರು 100ರಲ್ಲಿ ಒಂದು. ಇದನ್ನೇ ತಿರುಗಿಸಿ ಓದಿದರೆ 40ರಲ್ಲೂ ನೂರರಲ್ಲಿ 99 ಮಕ್ಕಳಿಗೆ ಅದು ಇರುವುದಿಲ್ಲ. ಹೆದರಿಕೆ ಹುಟ್ಟಿಸುವ ಸೋದರತ್ತೆಯರಿಗೆ ಈ ಎರಡನೇ ಸಾಲು ಓದಿ ಹೇಳಿ.

ಡಾಕ್ಟರುಗಳು ಪಾಲಿಸುವ ಇನ್ನೊಂದು ಲೆಕ್ಕ ಇದೆ. 35ರ ಒಳಗಿದ್ದರೆ ಒಂದು ವರ್ಷ ಪ್ರಯತ್ನಿಸಿ ಆಗದಿದ್ದರೆ ಬನ್ನಿ ಅನ್ನುತ್ತಾರೆ. 35 ದಾಟಿದ್ದರೆ ಆರೇ ತಿಂಗಳು. 40 ದಾಟಿದ್ದರೆ ಕಾಯದೇ ಬನ್ನಿ. ಗಂಡನ ವೀರ್ಯ ಪರೀಕ್ಷೆಯೂ ಮೊದಲ ಸುತ್ತಿನಲ್ಲೇ ಆಗಲಿ. ಹೆಂಡತಿಗೆ ಹನ್ನೆರಡು ಟೆಸ್ಟ್ ಮುಗಿದ ಮೇಲೆ ಗಂಡ ಒಂದು ಟೆಸ್ಟಿಗೆ ಒಪ್ಪುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೊಗ್ರಾಂ, ಗರ್ಭ ನಿಲ್ಲುವ ಮುನ್ನ ಕನಿಷ್ಠ ಒಂದು ತಿಂಗಳಿಂದಲೇ ಶುರುವಾಗಬೇಕು.

ಅಂಡಾಣು ಫ್ರೀಜ್ ಮಾಡಿಸುವ ವಿಚಾರ ಈಗ ಬಾರ್ ರೂಮಿನ ಮಾತುಕತೆಯಲ್ಲೂ ಬರುತ್ತದೆ. 2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ ಪ್ರಕಾರ 21 ದಾಟಿದ, 50ರ ಒಳಗಿನ ಮಹಿಳೆಗೆ ಈ ಚಿಕಿತ್ಸೆ ಕೊಡಬಹುದು. ಮದುವೆಯಾಗಿರಲೇಬೇಕು ಅಂತಿಲ್ಲ. ಗಂಡಸಿಗೆ ಮಿತಿ 55. ಮಾಡಿಸುವುದಾದರೆ 35ರ ಒಳಗೆ ಒಳ್ಳೆಯದು. ಆದರೆ ಅದು ಎಫ್‌ಡಿ ಅಲ್ಲ, ಮೆಚ್ಯೂರಿಟಿ ದಿನಕ್ಕೆ ಇಷ್ಟು ಬರುತ್ತದೆ ಅಂತ ಗ್ಯಾರಂಟಿ ಇಲ್ಲ. ಕನ್ಸೆಂಟ್ ಫಾರಂ ಕೊಟ್ಟಾಗ ನಾವು ಕಕ್ಷಿದಾರರಿಗೆ ಹೇಳುವ ಹಾಗೆ ಪೂರ್ತಿ ಓದಿ ಸಹಿ ಮಾಡಿ. ನಾನು ಓದದೇ ಸಹಿ ಹಾಕಿದೆ, ವಕೀಲಳಾಗಿ!

ಚಿಕಿತ್ಸೆ ನಡೆಯುವಾಗ ಹಿಯರಿಂಗ್ ಡೇಟ್

ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಐವಿಎಫ್ ಬೇಕಾಗಿ ಬಂದರೆ ಮುಖ್ಯ ತೊಂದರೆ ನೋವಲ್ಲ, ದಿನಾಂಕ. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಇಂಜೆಕ್ಷನ್ ಶುರು. ಸುಮಾರು ಹತ್ತು ಹನ್ನೆರಡು ದಿನ, ದಿನಾ. ನಡುವೆ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 36 ಗಂಟೆಗೆ ಅಂಡಾಣು ತೆಗೆಯಬೇಕು. ಕೋರ್ಟಿನಲ್ಲಿ ಕೇಸನ್ನು ಆಮೇಲೆ ಕರೆಯಿರಿ ಅನ್ನುವ ಹಾಗೆ ಅದಕ್ಕೆ ಮಧ್ಯಾಹ್ನದವರೆಗೆ ಪಾಸ್‌ಓವರ್ ಕೇಳಲು ಆಗುವುದಿಲ್ಲ.

ಹಾಗಾಗಿ ಬೇಸಿಗೆ ರಜೆ ನೋಡಿ. ಹೈಕೋರ್ಟಿಗೆ ಏಪ್ರಿಲ್ ಕೊನೆಯಿಂದ ಮೇ ಕೊನೆಯವರೆಗೆ ರಜೆ ಇರುತ್ತದೆ. ಸಿವಿಲ್ ಕೋರ್ಟುಗಳಿಗೂ ಇರುತ್ತದೆ. ದಸರಾ ರಜೆ ಚಿಕ್ಕದು, ಆದರೂ ಉಪಯೋಗಕ್ಕೆ ಬರುತ್ತದೆ. ಡಾಕ್ಟರ್ ಹತ್ತಿರ ಮಾರ್ಚ್‌ನಲ್ಲೇ ಹೇಳಿದರೆ ಮಾತ್ರೆ ಕೊಟ್ಟು ಕೆಲವು ದಿನ ಹಿಂದೆ ಮುಂದೆ ಮಾಡಬಹುದು. ಭ್ರೂಣ ಫ್ರೀಜ್ ಮಾಡಿಟ್ಟರೆ ಅದನ್ನು ಗರ್ಭಕ್ಕೆ ಸೇರಿಸುವ ದಿನ ಹೊಂದಿಸಿಕೊಳ್ಳುವುದು ಇನ್ನೂ ಸುಲಭ. ಕಾಯ್ದೆ ಪ್ರಕಾರ ಭ್ರೂಣವನ್ನು ಹೆಚ್ಚೆಂದರೆ 10 ವರ್ಷ ಇಡಬಹುದು. ಕ್ರಿಮಿನಲ್ ಪ್ರಾಕ್ಟೀಸ್ ಇರುವವರಿಗೆ ರಜೆಯಲ್ಲೂ ಬೇಲ್ ಅರ್ಜಿಗಳು ತಪ್ಪುವುದಿಲ್ಲ, ಅವರು ಆ ಹದಿನೈದು ದಿನಕ್ಕೆ ಹೊಸ ಬೇಲ್ ಕೇಸ್ ಒಪ್ಪಿಕೊಳ್ಳದಿದ್ದರೆ ಸಾಕು.

ಕ್ಲಿನಿಕ್ ಆರಿಸುವಾಗ ಹೆಸರಿಗಿಂತ ಎರಡು ಪ್ರಶ್ನೆ ಮುಖ್ಯ. ಬೆಳಿಗ್ಗೆ ಎಂಟಕ್ಕೆ ಸ್ಕ್ಯಾನ್ ಮಾಡುತ್ತಾರಾ? ಕೋರ್ಟಿನಿಂದ ಎಷ್ಟು ದೂರ? ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡನೆಯದಕ್ಕೆ ಜಾಸ್ತಿ ಮಾರ್ಕು.

ಯಾರಿಗೆ, ಯಾವಾಗ ಹೇಳಬೇಕು

ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಅನ್ನುವುದು ನಮ್ಮಲ್ಲಿ ರೂಢಿ. ನನ್ನ ಅಮ್ಮನೂ ಹೇಳಿದ್ದರು. ನಾನೂ ಪಾಲಿಸಿದೆ.

36ರಲ್ಲಿ ನನಗೆ ಮೊದಲ ಸಲ ಗರ್ಭ ನಿಂತಿತ್ತು. ಒಂಬತ್ತನೇ ವಾರ, ಬೆಳಿಗ್ಗೆ ಏಳಕ್ಕೆ ಬ್ಲೀಡಿಂಗ್ ಶುರುವಾಯಿತು. ಅವತ್ತು ಒಂದು ಅಪೀಲು ಫೈನಲ್ ಹಿಯರಿಂಗ್‌ಗೆ ಇತ್ತು, ಮೂರನೇ ಸಲ. ಆಸ್ಪತ್ರೆಯ ಬೆಡ್ ಮೇಲಿಂದ ಗೆಳತಿಗೆ ಫೋನ್ ಮಾಡಿ, "ಹುಷಾರಿಲ್ಲ, ಡೇಟ್ ತಗೋ" ಅಂದೆ. ಅಷ್ಟೇ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಅವಳು ನಿಂತು ವೈಯಕ್ತಿಕ ತೊಂದರೆ ಅಂದಳು. ಎದುರು ಪಾರ್ಟಿಯವರು ಇದು ಮೂರನೇ ಸಲ ಅಂದರು. ಅದು ನಿಜವೇ. ಜಡ್ಜ್ ಕಾಸ್ಟ್, ಅಂದರೆ ದಂಡದ ಹಣ, ಹಾಕಿ ಮುಂದೂಡಿದರು. ಕಕ್ಷಿದಾರರು ಆ ಸಂಜೆಯೇ ಫೈಲ್ ವಾಪಸ್ ಕೇಳಿದರು. ಗರ್ಭ ಹೋಯಿತು, ಫೈಲೂ ಹೋಯಿತು. ಒಂದೇ ದಿನ.

ತಪ್ಪು ಯಾರದೂ ಅಲ್ಲ, ನನ್ನ ಗುಟ್ಟಿನದು. ವಯಸ್ಸು ಏರಿದ ಹಾಗೆ ಮೊದಲ ಮೂರು ತಿಂಗಳಲ್ಲಿ ಗರ್ಭ ಹೋಗುವ ಸಾಧ್ಯತೆಯೂ ಏರುತ್ತದೆ. ಅಂದರೆ ನಮ್ಮ ಬದಲಿಗೆ ನಿಲ್ಲುವವರು ಅತಿ ಹೆಚ್ಚು ಬೇಕಾಗುವುದು ಯಾರಿಗೂ ಹೇಳದಿರುವ ಅದೇ ಮೂರು ತಿಂಗಳಲ್ಲಿ. ಊರಿಗೆಲ್ಲ ಹೇಳಬೇಡಿ. ಒಬ್ಬರಿಗೆ ಹೇಳಿ. ನಿಮ್ಮ ಫೈಲ್ ಎತ್ತಿಕೊಂಡು ನಿಂತು ವಾದ ಮಾಡಬಲ್ಲ ಒಬ್ಬರಿಗೆ, ಟೆಸ್ಟ್ ಪಾಸಿಟಿವ್ ಬಂದ ವಾರವೇ.

ಕಕ್ಷಿದಾರರಿಗೆ ಐದನೇ ತಿಂಗಳಲ್ಲಿ ಹೇಳಿದರೆ ಸಾಕು. ನೀವೇ ಫೋನ್ ಮಾಡಿ ಹೇಳಿ, ಕ್ಲರ್ಕ್ ಬಾಯಿಂದ ಗೊತ್ತಾಗಬಾರದು. ಹೀಗೆ ಹೇಳಬಹುದು: "ಮಾರ್ಚ್‌ನಿಂದ ನಾಲ್ಕು ತಿಂಗಳು ನಾನು ಬರಲ್ಲ. ನಿಮ್ಮ ಕೇಸನ್ನು ಇಂಥವರು ನೋಡ್ಕೋತಾರೆ. ಗುರುವಾರ ಸಂಜೆ ಬನ್ನಿ, ಪರಿಚಯ ಮಾಡಿಸ್ತೀನಿ." ಕ್ಷಮೆ ಕೇಳುವ ದನಿ ಬೇಡ. ಕೆಲವರು ಫೈಲ್ ತಗೊಂಡು ಹೋಗುತ್ತಾರೆ. ನನ್ನ ಎಪ್ಪತ್ತು ಚಿಲ್ಲರೆ ಫೈಲಿನಲ್ಲಿ ಒಂಬತ್ತು ಹೋದವು. ಎರಡು ವಾಪಸ್ ಬಂದವು.

ಸೀನಿಯರ್ ಆಫೀಸಿನಲ್ಲಿ ಇರುವವರಿಗೆ ಇದು ಇನ್ನೂ ಕಷ್ಟ. ನಾನು ಆಗಾಗ ಬ್ರೀಫ್ ಪಡೆಯುತ್ತಿದ್ದ ಒಬ್ಬರು ಸುದ್ದಿ ತಿಳಿದ ಮರುವಾರದಿಂದ "ನಿಮಗೆ ಯಾಕೆ ತೊಂದರೆ ಮೇಡಂ" ಅಂತ ಫೈಲ್ ಕಳಿಸುವುದನ್ನೇ ನಿಲ್ಲಿಸಿದರು. ಕಾಳಜಿಯ ಮಾತಿನಲ್ಲೇ ಕೆಲಸ ಹೋಗುತ್ತದೆ. ಅದಕ್ಕೆ ನಾನು ಕಂಡುಕೊಂಡ ಉತ್ತರ ಇಷ್ಟು: "ಏಳನೇ ತಿಂಗಳ ಕೊನೆವರೆಗೆ ಕೋರ್ಟಿಗೆ ಬರ್ತೀನಿ, ಆಮೇಲೆ ಡ್ರಾಫ್ಟಿಂಗ್ ಕಳಿಸಿ." ತಿಂಗಳು ಹೇಳಿದರೆ ಅವರಿಗೂ ಲೆಕ್ಕ ಸಿಗುತ್ತದೆ.

ಫೈಲು ಹಂಚುವುದು: ಇದಕ್ಕೆ ಪೂರ್ತಿ ಎರಡು ತಿಂಗಳು ಕೊಡಿ

ಐದನೇ ತಿಂಗಳಲ್ಲಿ ಒಂದು ಭಾನುವಾರ ಎಲ್ಲ ಫೈಲನ್ನೂ ನೆಲದ ಮೇಲೆ ಹರಡಿ ಕೂತುಕೊಳ್ಳಿ. ನಾನು ನಾಲ್ಕು ಗುಡ್ಡೆ ಮಾಡಿದೆ.

ಮೊದಲ ಗುಡ್ಡೆ, ಗಡುವು ಇರುವವು. ರಿಟನ್ ಸ್ಟೇಟ್‌ಮೆಂಟ್‌ಗೆ, ಅಂದರೆ ಪ್ರತಿವಾದಿಯ ಲಿಖಿತ ಉತ್ತರಕ್ಕೆ, 30 ದಿನ, ಕೋರ್ಟ್ ಒಪ್ಪಿದರೆ 90 ದಿನ. ಡಿಕ್ರಿ ಮೇಲೆ ಹೈಕೋರ್ಟಿಗೆ ಅಪೀಲು 90 ದಿನ, ಕೆಳಗಿನ ಅಪೀಲು ಕೋರ್ಟಿಗೆ 30 ದಿನ. ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅನ್ನುವ ಕೇವಿಯಟ್ ಹಾಕಿದ್ದರೆ ಅದರ ಆಯಸ್ಸು 90 ದಿನ. ನೀವು ಇಲ್ಲದ ತಿಂಗಳುಗಳಲ್ಲಿ ಬೀಳುವ ಒಂದೊಂದು ಗಡುವನ್ನೂ ಕ್ಯಾಲೆಂಡರ್ ಮೇಲೆ ಕೆಂಪು ಶಾಯಿಯಲ್ಲಿ ಬರೆದು, ಎರಡನೇ ಹೆಸರಿನವರ ಗೋಡೆ ಮೇಲೂ ಒಂದು ಪ್ರತಿ ತಗಲಿಸಿ. ವಿಳಂಬ ಮನ್ನಾ ಅರ್ಜಿ ಇದ್ದೇ ಇದೆ, ನಿಜ. ಆದರೆ ನಿಮ್ಮ ಹೆರಿಗೆಯ ಕಾಗದಪತ್ರವನ್ನು ಅಫಿಡವಿಟ್ ಜೊತೆ ಲಗತ್ತಿಸುವ ಪರಿಸ್ಥಿತಿ ಬರದಿದ್ದರೆ ಒಳ್ಳೆಯದು.

ಎರಡನೇ ಗುಡ್ಡೆ, ಪಾಟಿ ಸವಾಲು ಅಥವಾ ವಾದಕ್ಕೆ ಬಂದಿರುವವು. ಇವನ್ನು ಬೇರೆಯವರು ಮಾಡಿದರೆ ನೀವು ಮಾಡಿದ ಹಾಗಾಗುವುದಿಲ್ಲ. ಆದಷ್ಟೂ ಏಳನೇ ತಿಂಗಳೊಳಗೆ ಮುಗಿಸಿ. ಬೇಗ ಡೇಟ್ ಕೊಡಿ ಅಂತ ಮೆಮೊ ಹಾಕಿ. ವಕೀಲರೇ ಬೇಗ ಡೇಟ್ ಕೇಳುವುದು ಅಪರೂಪ ಆದ್ದರಿಂದ ಜಡ್ಜ್‌ಗಳು ಸಾಮಾನ್ಯವಾಗಿ ಕೊಡುತ್ತಾರೆ. ಮೂರನೆಯದು, ಸುಮ್ನೆ ಹಂತ ದಾಟುತ್ತಿರುವವು. ನೋಟಿಸ್, ಸ್ಟೆಪ್ಸ್, ಆಬ್ಜೆಕ್ಷನ್. ಇವನ್ನು ಜೂನಿಯರ್ ನಿಭಾಯಿಸಬಹುದು. ನಾಲ್ಕನೆಯದು, ರಾಜಿಗೆ ಬರುವಂಥವು. ಇವು ಇಷ್ಟು ದಿನ ಯಾಕೆ ರಾಜಿಯಾಗಲಿಲ್ಲ ಅಂತ ನನಗೇ ನಾಚಿಕೆಯಾಯಿತು. ಆರು ಕೇಸ್ ಎರಡು ತಿಂಗಳಲ್ಲಿ ಮುಗಿದವು.

ಇನ್ನು ಎರಡನೇ ಹೆಸರು. "ನಾನಿಲ್ಲದಾಗ ಸ್ವಲ್ಪ ನೋಡ್ಕೊ" ಅನ್ನುವ ಬಾಯಿಮಾತು ಒಂದು ದಿನದ ಅಡ್ಜರ್ನ್‌ಮೆಂಟಿಗೆ ಸಾಕು, ನಾಲ್ಕು ತಿಂಗಳಿಗೆ ಸಾಲದು. ಒಬ್ಬರ ವಕಾಲತ್ತು ಇರುವ ಕೇಸಿನಲ್ಲಿ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಹಾಜರಾಗಬಾರದು ಅಂತ ಬಾರ್ ಕೌನ್ಸಿಲ್ ನಿಯಮ ಇದೆ. ವಕಾಲತ್ತಿನಿಂದ ಪೂರ್ತಿ ಹೊರಬರಲು ಕೋರ್ಟಿನ ಅನುಮತಿ ಬೇಕು, ಸಿವಿಲ್ ಪ್ರಕ್ರಿಯಾ ಸಂಹಿತೆ (ಸಿಪಿಸಿ) ಆರ್ಡರ್ 3 ರೂಲ್ 4. ಹಾಗಾಗಿ ಹೊರಬರಬೇಡಿ. ಕಕ್ಷಿದಾರರ ಸಹಿಯೊಂದಿಗೆ ಇಬ್ಬರ ಹೆಸರೂ ಇರುವ ಹೊಸ ವಕಾಲತ್ತು ಹಾಕಿ. ನಿಮ್ಮ ಹೆಸರು ಉಳಿಯುತ್ತದೆ, ಅವರಿಗೂ ಅಧಿಕಾರ ಸಿಗುತ್ತದೆ. ಹೊಸ ಕೇಸುಗಳಿಗೆ ಮೊದಲ ದಿನದಿಂದಲೇ ಎರಡು ಹೆಸರು ಹಾಕುವ ಅಭ್ಯಾಸ ಇದ್ದರೆ ಈ ಓಡಾಟವೇ ಇರುವುದಿಲ್ಲ.

ಪ್ರತಿ ಫೈಲಿನ ಒಳಹೊದಿಕೆಗೆ ಒಂದು ಪುಟದ ಟಿಪ್ಪಣಿ ಅಂಟಿಸಿ: ಕೇಸ್ ಏನು, ಈಗ ಯಾವ ಹಂತ, ಮುಂದೆ ಏನಾಗಬೇಕು, ಕಕ್ಷಿದಾರರ ಫೋನ್, ಏನು ಮಾಡಲೇಬಾರದು. ಈ ಕೊನೆಯ ಸಾಲನ್ನು ಮರೆಯಬೇಡಿ. "ಇವರ ತಮ್ಮನ ಜೊತೆ ಮಾತಾಡಬೇಡಿ, ಎದುರು ಪಾರ್ಟಿಗೆ ಹೇಳ್ತಾನೆ" ಅನ್ನುವಂಥ ವಿಷಯ ಯಾವ ಆರ್ಡರ್ ಶೀಟಿನಲ್ಲೂ ಇರುವುದಿಲ್ಲ.

ಫೀಸಿನ ಮಾತನ್ನು ಮೊದಲೇ ಮುಗಿಸಿ. ಅವರು ಹೋದ ಹಿಯರಿಂಗ್‌ಗೆ ಎಷ್ಟು, ವಾದ ಮಾಡಿದರೆ ಎಷ್ಟು. ಸ್ನೇಹ ಉಳಿಯಬೇಕಾದರೆ ವಾಟ್ಸಾಪಿನಲ್ಲಾದರೂ ಬರೆದಿಟ್ಟುಕೊಳ್ಳಿ.

ದುಡ್ಡು

ಸ್ವತಂತ್ರವಾಗಿ ಪ್ರಾಕ್ಟೀಸ್ ಮಾಡುವವರಿಗೆ ಹೆರಿಗೆ ರಜೆ ಅಂತ ಒಂದಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಇದ್ದದ್ದು ಉದ್ಯೋಗಿಗಳಿಗೆ ಮಾತ್ರ. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರ ಕೊಟ್ಟಿತು. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು. 2025ರ ನವೆಂಬರ್‌ನಿಂದ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಈ ಸೌಲಭ್ಯಗಳೆಲ್ಲ ಅದರಲ್ಲೂ ಇವೆ. ಈ ಕಾಯ್ದೆ ಹಿಡಿದು ಎಷ್ಟೋ ಹೆಣ್ಣುಮಕ್ಕಳ ಪರ ವಾದ ಮಾಡಿದ್ದೇವೆ, ನಮಗೇ ಅದು ಅನ್ವಯಿಸುವುದಿಲ್ಲ.

ಲಾ ಫರ್ಮಿನಲ್ಲಿ ಇರುವವರು ತಮ್ಮ ಪತ್ರ ತೆಗೆದು ಓದಿ. ಪೂರ್ಣಕಾಲಿಕ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡುವಂತಿಲ್ಲ ಅನ್ನುವ ನಿಯಮ ಇರುವುದರಿಂದ ಎಷ್ಟೋ ಫರ್ಮುಗಳು ರಿಟೇನರ್ (ನೌಕರರಲ್ಲ, ಶುಲ್ಕಕ್ಕೆ ಕೆಲಸ ಮಾಡುವವರು) ಅಂತ ತೆಗೆದುಕೊಂಡು, ವೃತ್ತಿಪರ ಶುಲ್ಕ ಅಂತ ಟಿಡಿಎಸ್ ಹಿಡಿಯುತ್ತವೆ. ಆಗ ರಜೆ ಅವರ ಪಾಲಿಸಿಯ ಮೇಲೆ ನಿಲ್ಲುತ್ತದೆ, ಕಾಯ್ದೆಯ ಮೇಲಲ್ಲ. ಕಂಪನಿಯ ಲೀಗಲ್ ವಿಭಾಗದಲ್ಲಿ ಸಂಬಳಕ್ಕೆ ಇರುವವರಿಗೆ ಪೂರ್ತಿ ಹಕ್ಕಿದೆ. ಅವಧಿ ಗುತ್ತಿಗೆಯಲ್ಲಿರುವ ಉದ್ಯೋಗಿಗಳಿಗೆ ಸುಪ್ರೀಂ ಕೋರ್ಟ್ 2023ರಲ್ಲಿ ಡಾ. ಕವಿತಾ ಯಾದವ್ ಕೇಸಿನಲ್ಲಿ ಹೇಳಿದ್ದು ನೆನಪಿರಲಿ: ಗುತ್ತಿಗೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಸಿಗಬೇಕು.

ನಮ್ಮಂಥವರಿಗೆ ಉಳಿತಾಯವೇ ರಜೆ. ಚೇಂಬರ್ ಬಾಡಿಗೆ, ಕ್ಲರ್ಕ್ ಸಂಬಳ, ಇಎಂಐ, ಮನೆ ಖರ್ಚಿನ ನಿಮ್ಮ ಪಾಲು, ಇಷ್ಟನ್ನು ಕೂಡಿಸಿ ಎಂಟು ತಿಂಗಳಿಗೆ ಗುಣಿಸಿ. ನಾಲ್ಕು ತಿಂಗಳು ಬಿಡುವು, ಇನ್ನು ನಾಲ್ಕು ತಿಂಗಳು ಫೀಸು ಮತ್ತೆ ಹರಿಯಲು. ಕ್ಲರ್ಕ್ ಸಂಬಳ ಮಾತ್ರ ಒಂದು ತಿಂಗಳೂ ತಪ್ಪಿಸಬೇಡಿ, ನಿಮ್ಮ ಆಫೀಸು ಉಸಿರಾಡುವುದೇ ಅವರಿಂದ. ಫೀಸನ್ನು ಪೂರ್ತಿ ಮುಂಗಡ ತೆಗೆದುಕೊಳ್ಳುವ ಬದಲು ಹಂತ ಹಂತವಾಗಿ ಪಡೆಯಿರಿ. ಕೇಸು ಬಿಡಬೇಕಾಗಿ ಬಂದರೆ ಮಾಡದ ಕೆಲಸದ ಫೀಸು ವಾಪಸ್ ಕೊಡಬೇಕು, ಅದೂ ನಿಯಮ. ವಿಮೆಯಲ್ಲಿ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇರುತ್ತದೆ, ಪಾಲಿಸಿಗೆ ತಕ್ಕಂತೆ ಎರಡು ಮೂರು ವರ್ಷವೂ ಇರಬಹುದು. ಗರ್ಭ ನಿಂತ ಮೇಲೆ ಪಾಲಿಸಿ ಮಾಡಿಸಿದರೆ ಪ್ರಯೋಜನ ಇಲ್ಲ.

ಕೋರ್ಟಿನಲ್ಲಿ ಹೊಟ್ಟೆ ಹೊತ್ತು

ಬಟ್ಟೆಯಿಂದ ಶುರು ಮಾಡೋಣ. ಬಾರ್ ಕೌನ್ಸಿಲ್ ನಿಯಮದಲ್ಲೇ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟು ಉಳಿದ ಕಡೆ ಗೌನ್ ಕಡ್ಡಾಯ ಅಲ್ಲ. ಆ ಕೋರ್ಟುಗಳಲ್ಲಿ ಬೇಸಿಗೆಯಲ್ಲಿ ಕಪ್ಪು ಕೋಟೂ ಕಡ್ಡಾಯ ಅಲ್ಲ. ಸೀರೆ ಜೊತೆಗೆ ಸಲ್ವಾರ್, ಚೂಡಿದಾರ್‌ಗೂ ಅವಕಾಶ ಇದೆ. ಆರನೇ ತಿಂಗಳಿಂದ ನಾನು ಸಡಿಲ ಬಿಳಿ ಕುರ್ತಾಗೆ ಬಂದೆ. ಹಳೇ ಕೋಟಿನ ಗುಂಡಿ ಹಾಕಲು ಆಗುತ್ತಿರಲಿಲ್ಲ, ದರ್ಜಿ ಎರಡೂ ಬದಿಗೆ ಪಟ್ಟಿ ಕೊಟ್ಟು ಅಗಲ ಮಾಡಿಕೊಟ್ಟರು.

ನೀರು ಕುಡಿಯದೇ ಇರುವುದು ನಮ್ಮೆಲ್ಲರ ಹಳೇ ಚಟ, ಕೋರ್ಟಿನ ಟಾಯ್ಲೆಟ್ಟಿಗೆ ಹೆದರಿ. ಇನ್ನು ಅದು ಬೇಡ, ಮೂತ್ರದ ಸೋಂಕು ಗರ್ಭಿಣಿಗೆ ಒಳ್ಳೆಯದಲ್ಲ. ಯಾವ ಮಹಡಿಯ ಟಾಯ್ಲೆಟ್ ಪರವಾಗಿಲ್ಲ ಅಂತ ಹೆಣ್ಣುಮಕ್ಕಳ ಒಂದು ಗುಪ್ತ ಭೂಪಟವೇ ಇದೆ, ಕೇಳಿ ತಿಳಿದುಕೊಳ್ಳಿ. ಫೈಲ್ ಚೀಲ ಕ್ಲರ್ಕ್ ಕೈಗೆ. ಬೆಳಿಗ್ಗೆಯೇ ಬೆಂಚ್ ಕ್ಲರ್ಕ್‌ಗೆ ಹೇಳಿ, ಎದುರು ವಕೀಲರಿಗೂ ಹೇಳಿ. ಮೊದಲೇ ಕರೆಯಿರಿ ಅಂತ ಕೇಳಿಕೊಂಡರೆ ಇಲ್ಲ ಅಂದವರು ಕಡಿಮೆ. ನಾನು ಆ 43ನೇ ಐಟಂ ದಿನ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ.

ಸ್ಕ್ಯಾನ್ ದಿನಗಳನ್ನು ಕೇಸ್ ಡೈರಿಯಲ್ಲೇ ಬರೆಯಿರಿ: ಮಗುವಿನ ಕತ್ತಿನ ಹಿಂದಿನ ದ್ರವ ಅಳೆಯುವ ಎನ್‌ಟಿ ಸ್ಕ್ಯಾನ್ 11ರಿಂದ 13ನೇ ವಾರ, ಅಂಗಗಳಲ್ಲಿ ದೋಷ ಇದೆಯಾ ಅಂತ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 20ನೇ ವಾರದ ಹೊತ್ತಿಗೆ, ಸಕ್ಕರೆ ಪರೀಕ್ಷೆ 24ರಿಂದ 28ನೇ ವಾರ. ಅನಾಮಲಿ ಸ್ಕ್ಯಾನ್ ತಡ ಮಾಡಬೇಡಿ. ಗರ್ಭಪಾತ ಕಾಯ್ದೆಯ 20 ವಾರ, 24 ವಾರದ ಮಿತಿಗಳು ನಮಗೆ ಬೇರೆಯವರ ಕೇಸಿನಿಂದ ಗೊತ್ತು, ನಮ್ಮ ವಿಷಯದಲ್ಲೂ ಅವೇ. ಈ ವಯಸ್ಸಿನಲ್ಲಿ ಬಿಪಿ ಮತ್ತು ಸಕ್ಕರೆ ಏರುವ ಸಾಧ್ಯತೆ ಜಾಸ್ತಿ, ಬಿಪಿ ಮೆಷಿನ್ ಮನೆಯಲ್ಲಿರಲಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬ್ಲೀಡಿಂಗ್, ಮಗುವಿನ ಒದೆತ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ವಾದ ನಡೆಯುತ್ತಿದ್ದರೂ ಬಿಟ್ಟು ಆಸ್ಪತ್ರೆಗೆ ನಡೆಯಿರಿ.

ಕೋವಿಡ್ ಕಾಲದಿಂದ ಬಂದ ವಿಡಿಯೊ ಕಾನ್ಫರೆನ್ಸ್ ನಮ್ಮ ಹೈಕೋರ್ಟಿನಲ್ಲಿ ಇನ್ನೂ ಇದೆ. ಎಂಟನೇ ತಿಂಗಳಲ್ಲಿ ಧಾರವಾಡ ಪೀಠದ ಒಂದು ಕೇಸಿಗೆ ಮನೆಯಿಂದಲೇ ಹಾಜರಾದೆ. ಬ್ಯಾಂಡ್ ಕಟ್ಟಿಕೊಂಡು, ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟುಕೊಂಡು!

ಬಾಣಂತನ ಯಾರು ಮಾಡುತ್ತಾರೆ?

ತಡವಾಗಿ ತಾಯಿಯಾಗುವುದರಲ್ಲಿ ಯಾರೂ ಹೇಳದ ಮಾತು ಇದು. ನಮ್ಮ ಅಮ್ಮನಿಗೂ ವಯಸ್ಸಾಗಿರುತ್ತದೆ. ನನ್ನ ಅಕ್ಕನಿಗೆ 24ರಲ್ಲಿ ಮಗುವಾದಾಗ ಅಮ್ಮನಿಗೆ 50. ಮೂರು ತಿಂಗಳು ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಕಾಳುಮೆಣಸಿನ ಸಾರು ಎಲ್ಲ ಒಬ್ಬರೇ ಮಾಡಿದರು. ನನ್ನ ಸರದಿ ಬಂದಾಗ ಅವರಿಗೆ 67, ಎರಡೂ ಮಂಡಿ ನೋವು. ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕಲು ಕೆಳಗೆ ಕೂತರೆ ಏಳಲು ಆಗುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲೂ ಅವರಿಗೆ ಬೇಜಾರು.

ಹಾಗಾಗಿ ಇಲ್ಲೂ ಎರಡನೇ ಹೆಸರು ಬೇಕು. ನಾವು ಎರಡು ತಿಂಗಳಿಗೆ ಬಾಣಂತನದ ಆಯಾ ಒಬ್ಬರನ್ನು ಇಟ್ಟುಕೊಂಡೆವು. ಅಮ್ಮ ಕುರ್ಚಿಯಲ್ಲಿ ಕೂತು ಅವರಿಗೆ ಹುಕುಂ ಕೊಟ್ಟರು. ಇಬ್ಬರಿಗೂ ಮರ್ಯಾದೆ ಉಳಿಯಿತು. ಎರಡು ತಿಂಗಳು ಮುಂಚೆಯೇ ಆಯಾ ಹುಡುಕಿ, ಒಳ್ಳೆಯವರು ಬೇಗ ಬುಕ್ ಆಗುತ್ತಾರೆ. ರಾತ್ರಿಯ ಪಾಲು ಗಂಡನದು. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯಲ್ಲಿ ಕಂಪನಿ ಕೊಟ್ಟಷ್ಟು. ನನ್ನವರು ತಮ್ಮ ರಜೆಯನ್ನು ಮೊದಲ ವಾರ ಬಳಸದೆ, ಆಯಾ ಹೋದ ಮೇಲೆ ತೆಗೆದುಕೊಂಡರು. ಅದು ಜಾಣತನ, ಯೋಚನೆ ನನ್ನದು.

ಹೆರಿಗೆಯಾದ ಮೇಲೆ ಕೆಲವು ದಿನ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಮನಸ್ಸು ಏಳದಿದ್ದರೆ ಡಾಕ್ಟರಿಗೆ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಒಟ್ಟಿಗೇ ಇರುವ ವಾರ್ಡ್ ಇದೆ. ಎಲ್ಲವನ್ನೂ ವಾದ ಮಾಡಿ ಗೆಲ್ಲುವ ಅಭ್ಯಾಸದ ನಮಗೆ ಇದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ.

ಮರಳಿ ಬರುವಾಗ

ವಕೀಲರು ಜಾಹೀರಾತು ಕೊಡುವಂತಿಲ್ಲ. ಅಂಗಡಿಯವರ ಹಾಗೆ ಪುನರಾರಂಭ ಅಂತ ಬೋರ್ಡ್ ಹಾಕಲು ಆಗುವುದಿಲ್ಲ. ಆದ್ದರಿಂದ ಕಣ್ಣಿಗೆ ಬೀಳಬೇಕು. ವಾರಕ್ಕೆ ಎರಡು ದಿನ, ನಿಗದಿ ದಿನ, ಬಾರ್ ರೂಮಿನಲ್ಲಿ ಒಂದು ಕಾಫಿ ಕುಡಿಯುವಷ್ಟು ಹೊತ್ತು. "ಬಂದ್ರಾ ಮೇಡಂ" ಅಂತ ನಾಲ್ಕು ಜನ ಕೇಳಿದರೆ ಅದೇ ಜಾಹೀರಾತು. ಎರಡನೇ ತಿಂಗಳಿಂದ ಮೂರು ದಿನ.

ಹಾಲುಣಿಸುತ್ತಿದ್ದರೆ ಪಂಪ್ ಬೇಕಾಗುತ್ತದೆ. ತೆಗೆದ ಹಾಲು ಸಾಮಾನ್ಯ ಕೋಣೆಯ ತಾಪದಲ್ಲಿ ಸುಮಾರು ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಐಸ್ ಪ್ಯಾಕ್ ಇರುವ ಚಿಕ್ಕ ಚೀಲ ಕೊಳ್ಳಿ. ಜಾಗ ಮಾತ್ರ ದೊಡ್ಡ ತಲೆನೋವು. ನಾನು ಒಂದು ತಿಂಗಳು ರೆಕಾರ್ಡ್ ರೂಮಿನ ಕಪಾಟಿನ ಹಿಂದೆ, ದಾವೆಗಳ ಕಟ್ಟಿನ ಮೇಲೆ ಕೂತು ಪಂಪ್ ಮಾಡಿದ್ದೇನೆ. ಬಾಗಿಲಿಗೆ ಗುಮಾಸ್ತೆ ಕಾವಲು. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಮಂಜುಳಾ ಚೆಲ್ಲೂರ್ ಬಂದಿದ್ದು 2000ದಲ್ಲಿ. ಕಾಲು ಶತಮಾನ ಕಳೆದರೂ ಎಷ್ಟೋ ಕೋರ್ಟ್ ಕಟ್ಟಡಗಳಲ್ಲಿ ಹಾಲುಣಿಸಲು ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡಲು ಹೇಳಿತು. ನಿಮ್ಮ ಸಂಘದಲ್ಲಿ ಗೆದ್ದು ಬಂದ ಹೆಣ್ಣುಮಕ್ಕಳಿಗೆ ಸನ್ಮಾನದ ಶಾಲಿನ ಜೊತೆ ಒಂದು ಮನವಿಯನ್ನೂ ಕೊಡಿ, ಲಿಖಿತವಾಗಿ, ಸ್ವೀಕೃತಿ ಪಡೆದು.

ಜಡ್ಜ್ ಪರೀಕ್ಷೆ ಮನಸ್ಸಿನಲ್ಲಿದ್ದರೆ ಬಿಡುವಿನ ಲೆಕ್ಕ ಹುಷಾರಾಗಿ ಇಡಿ. ಸುಪ್ರೀಂ ಕೋರ್ಟಿನ 2025ರ ಮೇ ತಿಂಗಳ ತೀರ್ಪಿನ ನಂತರ ಸಿವಿಲ್ ಜಡ್ಜ್‌ಗೆ ಮೂರು ವರ್ಷ ಪ್ರಾಕ್ಟೀಸ್ ಮತ್ತೆ ಬಂದಿದೆ. ಜಿಲ್ಲಾ ನ್ಯಾಯಾಧೀಶರ ನೇರ ನೇಮಕಕ್ಕೆ ವಕೀಲರಿಗೆ ಏಳು ವರ್ಷ ಬೇಕು, ಅದನ್ನು ಕೋರ್ಟುಗಳು ನಿರಂತರ ಅಂತಲೇ ಓದುತ್ತವೆ. ಹೆರಿಗೆಗೆ ಅಂತ ಸನ್ನದು ಅಮಾನತಿನಲ್ಲಿ ಇಡಬೇಡಿ, ಅದು ನೌಕರಿಗೆ ಸೇರುವಾಗ ಮಾಡುವ ಕೆಲಸ. ತಿಂಗಳಿಗೆ ಒಂದೆರಡು ಕೇಸಿನಲ್ಲಾದರೂ, ವಿಡಿಯೊ ಮೂಲಕವಾದರೂ, ನಿಮ್ಮ ಹೆಸರು ಆರ್ಡರ್ ಶೀಟಿನಲ್ಲಿ ಬರಲಿ. ಸ್ವಲ್ಪ ನೆಲೆ ನಿಂತ ಕೆಲಸ ಬೇಕು ಅನ್ನಿಸಿದರೆ ನೋಟರಿಯೂ ಇದೆ. ಸಾಮಾನ್ಯವಾಗಿ ಹತ್ತು ವರ್ಷ ಪ್ರಾಕ್ಟೀಸ್ ಕೇಳುತ್ತಾರೆ, ಮಹಿಳೆಯರಿಗೆ ಏಳು ಸಾಕು.

ನನ್ನ ಮಗಳಿಗೆ ಈಗ ಮೂರೂವರೆ. ಅವಳ ಪ್ರೀಸ್ಕೂಲಿನ ಅರ್ಜಿಯಲ್ಲಿ ತುರ್ತು ಸಂಪರ್ಕಕ್ಕೆ ನಾಲ್ಕು ಹೆಸರು ಬರೆದಿದ್ದೇನೆ. ನನ್ನದು ಮೂರನೆಯದು, ಯಾಕೆಂದರೆ ಹಾಲ್ ಒಳಗೆ ಫೋನ್ ಆಫ್. ಆ ನಾಲ್ಕು ತಿಂಗಳು ನನ್ನ ಫೈಲ್ ಹಿಡಿದು ನಿಂತಿದ್ದ ಗೆಳತಿ ಹೋದ ತಿಂಗಳು ಫೋನ್ ಮಾಡಿ, "ಆರು ವಾರ, ಇನ್ನೂ ಅಮ್ಮನಿಗೂ ಹೇಳಿಲ್ಲ" ಅಂದಳು. ಅವಳಿಗೆ 39. ಅವಳ ಹದಿನೇಳು ಕೇಸುಗಳಲ್ಲಿ ಈಗ ಎರಡನೇ ಹೆಸರು ನನ್ನದು. ಮೊದಲ ಹಿಯರಿಂಗ್ ಬರುವ ಮಂಗಳವಾರ, ಹಾಲ್ ನಂಬರ್ 6. ಲಿಸ್ಟ್ ಇನ್ನೂ ಬಂದಿಲ್ಲ.